ಟರ್ಬಟ್‌ನಿಂದ ನಂಗ್‌ವರೆಗೆ: ಚಪ್ಪಟೆ ಮೀನನ್ನು ಗುರುತಿಸುವುದು, ಕೊಳ್ಳುವುದು, ಕೊಯ್ಯುವುದು

ಚಪ್ಪಟೆ ಮೀನು ಕೊಳ್ಳುವಾಗ ಮೊದಲು ಕಣ್ಣು ಎಲ್ಲಿದೆ ನೋಡಿ. ತಾಜಾ ಹೌದೋ ಅಲ್ಲವೋ ಅನ್ನುವುದು ಆಮೇಲೆ. ಎರಡೂ ಕಣ್ಣು ಒಂದೇ ಬದಿಯಲ್ಲಿದ್ದರೆ ಮಾತ್ರ ಅದು ನಾನಿಲ್ಲಿ ಹೇಳುತ್ತಿರುವ ಮೀನು. "ಅಣ್ಣ, ಮಾಂಜಿ ಕೂಡ ಚಪ್ಪಟೆಯೇ ಅಲ್ವಾ?" ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. ಮಾಂಜಿ, ಅಂದರೆ ಪಾಂಫ್ರೆಟ್, ನೆಟ್ಟಗೆ ನಿಂತು ಈಜುವ ಮೀನು. ಬದಿಗೊಂದು ಕಣ್ಣು, ಎರಡೂ ಬದಿ ಒಂದೇ ಬಣ್ಣ. ನಮ್ಮ ಕರಾವಳಿಯ ನಂಗ್ ಮಲಗಿ ಬದುಕುವ ಮೀನು. ಮೇಲಿನ ಬದಿ ಕಂದು, ಕೆಳಗಿನ ಬದಿ ಬಿಳಿ, ಎರಡು ಕಣ್ಣೂ ಮೇಲೆ.

ನನ್ನ ಕೆಲಸ ಮೀನು ಕೊಯ್ಯುವುದು. ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೀನಿನ ಸೆಕ್ಷನ್‌ನಲ್ಲಿ ಬಹಳ ವರ್ಷ ಇದ್ದೆ. ಯುರೋಪಿನಿಂದ ಐಸ್ ಪೆಟ್ಟಿಗೆಯಲ್ಲಿ ಬರುತ್ತಿದ್ದ ಟರ್ಬಟ್, ಹ್ಯಾಲಿಬಟ್, ಡೋವರ್ ಸೋಲ್ ಎಂಬ ಚಪ್ಪಟೆ ಮೀನುಗಳು ಅಲ್ಲಿ ನನ್ನ ಹಲಗೆಗೆ ಬರುತ್ತಿದ್ದವು. ಈಗ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಸಣ್ಣ ಅಂಗಡಿ. ಇಲ್ಲಿ ನಂಗ್. ಒಂದೇ ಕುಲದ ಮೀನು, ಆದರೆ ಅಲ್ಲಿ ಒಂದು ಟರ್ಬಟ್‌ಗೆ ಕೊಡುತ್ತಿದ್ದ ದುಡ್ಡಿನಲ್ಲಿ ಇಲ್ಲಿ ಬುಟ್ಟಿಗಟ್ಟಲೆ ನಂಗ್ ಬರುತ್ತದೆ. ಯಾಕೆ ಹೀಗೆ ಅಂದರೆ ರುಚಿಯ ಕಾರಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ರುಚಿಗಿಂತ ಜಾಸ್ತಿ ಅದು ಮೈಕಟ್ಟಿನ ಲೆಕ್ಕ. ಮೀನು ಹೇಗೆ ಬೆಳೆಯುತ್ತದೆ, ಮೂಳೆಯ ಮೇಲೆ ಮಾಂಸ ಎಷ್ಟು ದಪ್ಪ ಕೂರುತ್ತದೆ, ಎಷ್ಟು ವರ್ಷ ಹಿಡಿಯುತ್ತದೆ, ಇದರ ಮೇಲೆ ರೇಟು. ಅದು ಗೊತ್ತಿದ್ದರೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ ಅಂತ ನಿಮಗೇ ಹೊಳೆಯುತ್ತದೆ.

ಎಡವೋ ಬಲವೋ

ಮೀನನ್ನು ಕಣ್ಣಿರುವ ಬದಿ ಮೇಲಾಗಿ ಹಲಗೆಯ ಮೇಲಿಡಿ. ಹೊಟ್ಟೆ ನಿಮ್ಮ ಕಡೆಗಿರಲಿ. ಹೊಟ್ಟೆ ಯಾವ ಕಡೆ ಅಂತ ಗೊತ್ತಾಗದಿದ್ದರೆ ಕೆಳದವಡೆ ನೋಡಿ, ಅದಿರುವ ಕಡೆಯೇ ಹೊಟ್ಟೆ. ಈಗ ತಲೆ ನಿಮ್ಮ ಎಡಕ್ಕೆ ಬಂದರೆ ಎಡಗಣ್ಣಿನ ಮೀನು, ಬಲಕ್ಕೆ ಬಂದರೆ ಬಲಗಣ್ಣಿನದು. ಟರ್ಬಟ್ ಎಡ. ಅದರ ಹತ್ತಿರದ ನೆಂಟ ಬ್ರಿಲ್ ಎಡ. ನಮ್ಮ ನಂಗ್ ಕೂಡ ಎಡ. ಹ್ಯಾಲಿಬಟ್, ಪ್ಲೇಸ್, ಡೋವರ್ ಸೋಲ್ ಬಲ. ಅಲ್ಲೊಂದು ಇಲ್ಲೊಂದು ತಿರುಗುಮುರುಗು ಹುಟ್ಟುತ್ತವೆ, ಆದರೆ ಅಂಗಡಿಯಲ್ಲಿ ಮೋಸ ಹಿಡಿಯಲು ಇಷ್ಟು ಸಾಕು. ಟರ್ಬಟ್ ಅಂತ ಕೊಟ್ಟದ್ದರ ತಲೆ ಬಲಕ್ಕೆ ತಿರುಗಿದ್ದರೆ ಎರಡನೇ ಸಲ ಕೇಳಿ.

ಟರ್ಬಟ್‌ಗೆ ಇನ್ನೊಂದು ಗುರುತು ಇದೆ, ಅದನ್ನು ಕಣ್ಣು ಮುಚ್ಚಿಯೂ ಹೇಳಬಹುದು. ಮೇಲಿನ ಬದಿಯ ಮೇಲೆ ಕೈ ಆಡಿಸಿ. ಚೆಪ್ಪೆ, ಅಂದರೆ ಮೀನಿನ ಮೈಮೇಲಿನ ಹುರುಪೆ, ಇಲ್ಲ. ಅದರ ಬದಲಿಗೆ ಗಟ್ಟಿ ಗಂಟುಗಳು, ಮೂಳೆಯವು, ಚರ್ಮದಲ್ಲಿ ಅಲ್ಲಲ್ಲಿ ಹುಗಿದಿರುತ್ತವೆ. ಬೆರಳಿಗೆ ಒಂದೊಂದೇ ಸಿಗುತ್ತವೆ. ಬ್ರಿಲ್‌ನಲ್ಲಿ ಗಂಟು ಇರುವುದಿಲ್ಲ, ಸಣ್ಣ ನುಣುಪಾದ ಚೆಪ್ಪೆ ಇರುತ್ತದೆ. ಬ್ರಿಲ್ ಸ್ವಲ್ಪ ಉದ್ದುದ್ದ, ಟರ್ಬಟ್ ಹೆಚ್ಚುಕಮ್ಮಿ ಗುಂಡು. ಬ್ರಿಲ್ ಒಳ್ಳೆಯ ಮೀನೇ, ಆದರೆ ಟರ್ಬಟ್‌ನ ರೇಟು ಅದಕ್ಕೆ ಕೊಡಬಾರದು.

ಪ್ಲೇಸ್ ಮೀನಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕಿ ಇರುತ್ತದೆ. ಚುಕ್ಕಿ ಹೊಳೆಯುತ್ತಿದ್ದರೆ ತಾಜಾ, ಮಂಕಾಗಿದ್ದರೆ ಐಸಿನಲ್ಲಿ ತುಂಬಾ ದಿನ ಕಳೆದಿದೆ. ಇಷ್ಟು ಸುಲಭದ ಗುರುತು ಬೇರೆ ಯಾವ ಮೀನಿಗೂ ಇಲ್ಲ.

ಕಣ್ಣು ಜಾಗ ಬಿಟ್ಟ ಕತೆ

ಇದನ್ನು ಹೇಳದೆ ಕೊಯ್ಯುವುದಕ್ಕೆ ಹೋದರೆ ಚೂರಿ ಯಾಕೆ ಹಾಗೆ ಹಿಡಿಯಬೇಕು ಅಂತ ಅರ್ಥ ಆಗುವುದಿಲ್ಲ.

ಟರ್ಬಟ್‌ನ ಮೊಟ್ಟೆ ಸುಮಾರು 1 ಮಿಲಿಮೀಟರ್. ನೀರಿನಲ್ಲಿ ತೇಲುತ್ತದೆ. ದೊಡ್ಡ ಹೆಣ್ಣು ಒಂದು ಹಂಗಾಮಿಗೆ 1 ಕೋಟಿಯ ಹತ್ತಿರ ಮೊಟ್ಟೆ ಇಡಬಲ್ಲದು. ಒಡೆದು ಬರುವ ಮರಿ 3 ಮಿಲಿಮೀಟರ್ ಇರುತ್ತದೆ. ಆಗ ಅದೂ ಎಲ್ಲ ಮೀನಿನ ಮರಿಯ ಹಾಗೆಯೇ, ಬದಿಗೊಂದು ಕಣ್ಣು, ನೆಟ್ಟಗೆ ಈಜು. ಒಂದು ತಿಂಗಳು ಕಳೆಯುವ ಹೊತ್ತಿಗೆ ಬಲಗಣ್ಣು ಹೊರಡುತ್ತದೆ. ತಲೆಬುರುಡೆಯ ಮೂಳೆ ತಿರುಚಿಕೊಳ್ಳುತ್ತದೆ, ಕಣ್ಣು ನೆತ್ತಿ ದಾಟಿ ಎಡಗಣ್ಣಿನ ಪಕ್ಕಕ್ಕೆ ಬಂದು ಕೂರುತ್ತದೆ. ಇದನ್ನೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು. ಗೊದಮೊಟ್ಟೆ ಕಪ್ಪೆಯಾಗುವುದರ ಹಿಂದೆಯೂ ಅದೇ ಹಾರ್ಮೋನು. ಕಣ್ಣು ಬಂದು ಕೂತ ಮೇಲೆ ಮರಿ ತಳಕ್ಕೆ ಇಳಿದು ಮಲಗುತ್ತದೆ. ಮೇಲಿನ ಬದಿಗೆ ಬಣ್ಣ ಏರುತ್ತದೆ, ಕೆಳಗಿನದು ಬಿಳಿಯಾಗಿಯೇ ಉಳಿಯುತ್ತದೆ. ಒಳಗಿನ ಗಾಳಿಚೀಲ ಕರಗಿ ಹೋಗುತ್ತದೆ. ತಳದಲ್ಲಿ ಮಲಗುವವನಿಗೆ ತೇಲುವ ಚೀಲ ಯಾಕೆ?

ಜೀವಿಗಳು ಹಂತಹಂತವಾಗಿ ಬದಲಾಗುತ್ತವೆ ಅಂದ ಡಾರ್ವಿನ್ನಿಗೆ ಈ ಕಣ್ಣು ದೊಡ್ಡ ತಲೆನೋವಾಗಿತ್ತು. ಅರ್ಧ ದಾರಿಗೆ ಬಂದು ನಿಂತ ಕಣ್ಣಿನಿಂದ ಮೀನಿಗೆ ಏನು ಲಾಭ ಅಂತ ಮೈವಾರ್ಟ್ ಎಂಬ ವಿಜ್ಞಾನಿ ಕೆಣಕಿದ. 1872ರಲ್ಲಿ ಬಂದ ತನ್ನ 'ಒರಿಜಿನ್ ಆಫ್ ಸ್ಪೀಷೀಸ್' ಪುಸ್ತಕದ ಆರನೇ ಮುದ್ರಣದಲ್ಲಿ ಡಾರ್ವಿನ್ ಅದಕ್ಕೆ ಉತ್ತರ ಕೊಟ್ಟ. ಪುರಾವೆ ಸಿಕ್ಕಿದ್ದು ತೀರಾ ಈಚೆಗೆ. ಇಟಲಿಯ ಮಾಂಟೆ ಬೋಲ್ಕಾದ ಕಲ್ಲಿನಲ್ಲಿದ್ದ ಹಳೆಯ ಮೀನಿನ ಅಚ್ಚುಗಳನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಪರೀಕ್ಷಿಸಿ 2008ರಲ್ಲಿ ಬರೆದರು. ಅವುಗಳಲ್ಲಿ ಒಂದು ಕಣ್ಣು ನಿಜವಾಗಿಯೂ ಅರ್ಧ ದಾರಿಯಲ್ಲಿತ್ತು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಮಲಯಾಳದಲ್ಲಿ ಆಯಿರಂಪಲ್ಲಿ ಅನ್ನುವ ಮೀನು ನಮ್ಮ ಸಮುದ್ರದಲ್ಲೇ ಇದೆ. ಇಂಡಿಯನ್ ಹ್ಯಾಲಿಬಟ್ ಅಂತ ರಫ್ತಿನವರು ಕರೆಯುತ್ತಾರೆ. ಬಾಯಿ ತುಂಬ ಚೂಪು ಹಲ್ಲು, ದಪ್ಪ ಮೈ. ಅದರ ಮೇಲಿನ ಕಣ್ಣು ನೆತ್ತಿಯ ಅಂಚಿನಲ್ಲೇ ನಿಂತಿರುತ್ತದೆ. ಬೆನ್ನಿನ ಈಜುರೆಕ್ಕೆಯೂ ತಲೆಯ ಮೇಲಿಂದ ಶುರುವಾಗುವುದಿಲ್ಲ, ಕಣ್ಣಿನಿಂದ ಹಿಂದೆ ಶುರುವಾಗುತ್ತದೆ. ಎಡಗಣ್ಣಿನವೂ ಸಿಗುತ್ತವೆ, ಬಲಗಣ್ಣಿನವೂ ಸಿಗುತ್ತವೆ. ಚಪ್ಪಟೆ ಮೀನುಗಳಲ್ಲೆಲ್ಲ ಇದು ಹಳೇ ಮಾದರಿ. ಧಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಬೇರೆ ಮೀನಿನ ರಾಶಿಯಲ್ಲಿ ಒಂದೆರಡು ಸಿಗುತ್ತವೆ. ಸಿಕ್ಕರೆ ಬಿಡಬೇಡಿ. ಟರ್ಬಟ್‌ನ ಹಾಗೆ ಫಿಲೆಟ್, ಅಂದರೆ ಮೂಳೆ ಬಿಟ್ಟ ಮಾಂಸದ ತುಂಡು, ತೆಗೆಯಲು ನಮ್ಮ ಕಡೆ ಸಿಗುವ ಮೀನು ಇದೊಂದೇ ಅಂತ ನಾನು ಹೇಳುತ್ತೇನೆ.

ಟರ್ಬಟ್‌ನ ರೇಟು ಎಲ್ಲಿಂದ ಬರುತ್ತದೆ

ಟರ್ಬಟ್ ತಣ್ಣೀರಿನ ಮೀನು. ಯುರೋಪಿನ ಅಟ್ಲಾಂಟಿಕ್ ಕರಾವಳಿ, ಬಾಲ್ಟಿಕ್, ಮೆಡಿಟರೇನಿಯನ್, ಕಪ್ಪು ಸಮುದ್ರದ ಕಡೆ ಅದರ ಮನೆ. ಮರಳಿನಲ್ಲಿ ಹೂತುಕೊಂಡು ಕಾಯುತ್ತದೆ, ಹತ್ತಿರ ಬಂದ ಮೀನನ್ನು ನುಂಗುತ್ತದೆ. ತಳದ ಬಣ್ಣಕ್ಕೆ ತಕ್ಕ ಹಾಗೆ ತನ್ನ ಬಣ್ಣ ಬದಲಿಸುತ್ತದೆ. 1 ಮೀಟರ್ ಉದ್ದ, 25 ಕೆಜಿಯವರೆಗೆ ಬೆಳೆಯಬಲ್ಲದು, ಆದರೆ ಅಂಥದ್ದು ಅಪರೂಪ. ಹೆಣ್ಣು ಬೇಗ ಬೆಳೆಯುತ್ತದೆ, ದೊಡ್ಡದೂ ಆಗುತ್ತದೆ. ಅದಕ್ಕೇ ಸಾಕುವವರಿಗೆ ಹೆಣ್ಣು ಮರಿಯೇ ಬೇಕು.

ಮಾಂಸ ಬಿಳಿ, ಬಿಗಿ. ಮೂಳೆ ಮತ್ತು ಚರ್ಮದಲ್ಲಿ ಅಂಟು ಜಾಸ್ತಿ. ಬೇಯುವಾಗ ಆ ಅಂಟು ಬಿಟ್ಟು ಮಾಂಸ ಒಣಗದಂತೆ ನೋಡಿಕೊಳ್ಳುತ್ತದೆ. ಸ್ಪೇನಿನ ಬಾಸ್ಕ್ ಕರಾವಳಿಯ ಗೆಟಾರಿಯಾ ಊರಿನಲ್ಲಿ ಇಡೀ ಟರ್ಬಟ್ ಅನ್ನು ಕೆಂಡದ ಮೇಲೆ ಸುಡುವುದಕ್ಕೇ ಜನ ದೂರದಿಂದ ಬರುತ್ತಾರೆ. ಫ್ರೆಂಚರ ಅಡುಗೆಮನೆಯಲ್ಲಿ ಈ ಮೀನು ಬೇಯಿಸಲೆಂದೇ ವಜ್ರದ ಆಕಾರದ ಪಾತ್ರೆ ಇರುತ್ತಿತ್ತು. ನಮ್ಮ ಹೋಟೆಲಿನಲ್ಲಿ ಅಂಥದ್ದೊಂದು ಶೋಕೇಸಿನಲ್ಲಿ ಸುಮ್ನೆ ಕೂತಿತ್ತು. ತೊಳೆಯುವುದು ಯಾರು ಅಂತ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ರೇಟಿನ ಗುಟ್ಟು ಗಾತ್ರದಲ್ಲಿದೆ. 1 ಕೆಜಿಯ ಎರಡು ಟರ್ಬಟ್‌ಗಿಂತ 2 ಕೆಜಿಯ ಒಂದಕ್ಕೆ ದುಡ್ಡು ಜಾಸ್ತಿ. ಸಣ್ಣದರಲ್ಲಿ ತಲೆ, ಮೂಳೆ, ಅಂಚಿನ ರೆಕ್ಕೆಯೇ ತುಂಬಾ ಹೋಗುತ್ತದೆ. ಟರ್ಬಟ್‌ನಿಂದ ಬರುವ ಫಿಲೆಟ್ ಇಡೀ ತೂಕದ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಇಡೀ ಮೀನಿನ ರೇಟು ಕೇಳಿ ಹೆದರಬೇಡಿ, ಕಡಿಮೆ ಅಂತ ಹಿಗ್ಗಲೂ ಬೇಡಿ. ತಟ್ಟೆಗೆ ಬರುವ ಮಾಂಸದ ಲೆಕ್ಕ ಹಾಕಿ. ಕೆಜಿಗೆ ಕೊಟ್ಟ ದುಡ್ಡನ್ನು ಎರಡರಿಂದ ಎರಡೂವರೆ ಪಟ್ಟು ಮಾಡಿ, ಫಿಲೆಟ್‌ನ ನಿಜವಾದ ರೇಟು ಹೆಚ್ಚುಕಮ್ಮಿ ಸಿಗುತ್ತದೆ.

ಈಗ ಮಾರ್ಕೆಟಿಗೆ ಬರುವುದರಲ್ಲಿ ಬಹಳಷ್ಟು ಸಾಕಿದ್ದು. 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಶುರುವಾಯಿತು. ಆಮೇಲೆ ಫ್ರಾನ್ಸ್, ಸ್ಪೇನ್. ಸ್ಪೇನಿನ ಗಲಿಸಿಯಾದಲ್ಲಿ ದೊಡ್ಡ ಮಟ್ಟಕ್ಕೆ ಬೆಳೆಯಿತು. ಚೀನಾಕ್ಕೆ ಇದನ್ನು 1992ರಲ್ಲಿ ತಂದವರು ಲೇ ಜಿಲಿನ್ ಎಂಬ ವಿಜ್ಞಾನಿ. ಬಾವಿಯಿಂದ ತಣ್ಣನೆಯ ಉಪ್ಪುನೀರು ಎತ್ತಿ, ಮುಚ್ಚಿದ ಶೆಡ್ಡುಗಳಲ್ಲಿ ತೊಟ್ಟಿ ಕಟ್ಟಿ ಸಾಕಿದರು. ಈಗ ಲೋಕದಲ್ಲಿ ಅತಿ ಹೆಚ್ಚು ಟರ್ಬಟ್ ಬೆಳೆಯುವುದು ಅವರೇ. 2006ರಲ್ಲಿ ಶಾಂಘೈ ಮಾರ್ಕೆಟಿನ ಟರ್ಬಟ್‌ನಲ್ಲಿ ನಿಷೇಧಿತ ಔಷಧಿ ಸಿಕ್ಕಿ ಅಲ್ಲಿನ ವ್ಯಾಪಾರ ನೆಲಕಚ್ಚಿತ್ತು. ಸಾಕಿದ ಮೀನು ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ, ಎಲ್ಲಿಂದ ಬಂತು ಅಂತ ಕೇಳಬೇಕು ಅಷ್ಟೇ. ಸಾಕಿದ್ದನ್ನು ಗುರುತಿಸಲು ಬಿಳಿ ಬದಿ ತಿರುಗಿಸಿ ನೋಡಿ. ಕಪ್ಪು ಮಚ್ಚೆಗಳಿದ್ದರೆ, ಅಥವಾ ಮೇಲಿನ ಬದಿಯಲ್ಲಿ ಬಣ್ಣ ಇಲ್ಲದ ಬಿಳಿ ತೇಪೆ ಇದ್ದರೆ ಬಹುಪಾಲು ತೊಟ್ಟಿಯ ಮೀನು. ರುಚಿಗೆ ಅದರಿಂದ ತೊಂದರೆ ಇಲ್ಲ. ಸಮುದ್ರದ್ದು ಅಂತ ಹೇಳಿ ಜಾಸ್ತಿ ರೇಟು ಹಾಕಿದರೆ ಮಾತ್ರ ಜಗಳ ಮಾಡಿ.

"ನಮ್ಮಲ್ಲಿ ಸಾಕಬಹುದಾ?" ಅಂತ ಗಲ್ಫಿನಿಂದ ವಾಪಸ್ ಬಂದವರು ಕೇಳುತ್ತಾರೆ. ಕೈಯಲ್ಲಿ ಸ್ವಲ್ಪ ದುಡ್ಡಿರುತ್ತದೆ, ಮನೆ ಪಕ್ಕ ಹೊಳೆ ಇರುತ್ತದೆ. ಟರ್ಬಟ್‌ಗೆ 14ರಿಂದ 18 ಡಿಗ್ರಿ ನೀರು ಬೇಕು. ನಮ್ಮದು 28ರ ಆಸುಪಾಸು. ನೀರು ತಣ್ಣಗೆ ಮಾಡುವ ಕರೆಂಟ್ ಬಿಲ್ಲಿನಲ್ಲೇ ಮನೆ ಮಾರಬೇಕಾದೀತು. ಮೇಲಾಗಿ ಮಾರುವ ಗಾತ್ರಕ್ಕೆ ಬರಲು ಎರಡು ವರ್ಷದ ಆಸುಪಾಸು ಹಿಡಿಯುತ್ತದೆ. ಮರಿಗೆ ಮೊದಲು ರೋಟಿಫರ್, ಆಮೇಲೆ ಆರ್ಟೀಮಿಯಾ ಅನ್ನುವ ಜೀವಂತ ಆಹಾರ ಕೊಟ್ಟು, ನಿಧಾನಕ್ಕೆ ಒಣ ಫೀಡಿಗೆ ಒಗ್ಗಿಸಬೇಕು. ಚೆರ್ವತ್ತೂರು, ಪಡನ್ನ ಕಡೆ ಹಿನ್ನೀರಿನಲ್ಲಿ ಹಗ್ಗಕ್ಕೆ ಕಲ್ಲುಮ್ಮಕಾಯಿ ಅನ್ನುವ ಚಿಪ್ಪುಜೀವಿ ಕಟ್ಟಿ ಬೆಳೆಸುತ್ತಾರಲ್ಲ, ದುಡ್ಡು ಹಾಕುವುದಿದ್ದರೆ ಅದನ್ನು ಹೋಗಿ ನೋಡಿ ಅಂತ ನಾನು ಹೇಳುವುದು.

ಹೆಸರು ಒಂದು, ಮೀನು ಇನ್ನೊಂದು

1995ರ ಮಾರ್ಚ್‌ನಲ್ಲಿ ಕೆನಡಾದವರು ಎಸ್ತಾಯ್ ಎಂಬ ಸ್ಪೇನಿನ ಬೋಟನ್ನು ಗುಂಡು ಹಾರಿಸಿ ಹಿಡಿದರು. ಟರ್ಬಟ್ ಯುದ್ಧ ಅಂತಲೇ ಪೇಪರುಗಳು ಬರೆದವು. ತಮಾಷೆ ಏನೆಂದರೆ ಆ ಬೋಟಿನಲ್ಲಿದ್ದದ್ದು ಟರ್ಬಟ್ ಅಲ್ಲವೇ ಅಲ್ಲ. ಗ್ರೀನ್‌ಲ್ಯಾಂಡ್ ಹ್ಯಾಲಿಬಟ್. ಅಲ್ಲಿನವರು ಅದನ್ನೇ ಟರ್ಬಟ್ ಅನ್ನುತ್ತಾರೆ. ಬಲಗಣ್ಣಿನ ಮೀನು, ಎರಡೂ ಬದಿ ಕಪ್ಪು, ಒಂದು ಕಣ್ಣು ಹಣೆಯ ಅಂಚಿನಲ್ಲೇ ನಿಂತಿರುತ್ತದೆ. ಮಾಂಸ ಮೆತ್ತಗೆ, ಕೊಬ್ಬು ಜಾಸ್ತಿ. ಸ್ಮೋಕ್ ಮಾಡಲು ಚೆನ್ನ, ತವಾದಲ್ಲಿ ಹಾಕಿದರೆ ಕದಡಿ ಹೋಗುತ್ತದೆ. ಗಲ್ಫಿನ ಸೂಪರ್‌ಮಾರ್ಕೆಟಿನ ಫ್ರೀಜರಿನಲ್ಲಿ ಟರ್ಬಟ್ ಅಂತ ಬರೆದ ಅಗ್ಗದ ಪ್ಯಾಕೆಟ್ ಕಂಡರೆ ಹಿಂಬದಿಯ ಸಣ್ಣ ಅಕ್ಷರದಲ್ಲಿ ವೈಜ್ಞಾನಿಕ ಹೆಸರು ಓದಿ. ಸ್ಕಾಫ್ತಾಲ್ಮಸ್ ಮ್ಯಾಕ್ಸಿಮಸ್ ಅಂತಿದ್ದರೆ ನಿಜವಾದ ಟರ್ಬಟ್. ರೈನ್‌ಹಾರ್ಟಿಯಸ್ ಅಂತ ಶುರುವಾದರೆ ಇದು.

ನಮ್ಮೂರಿನ ಮೋಸ ಬೇರೆ ಥರ. ಹೋಟೆಲಿನ ಮೆನುವಿನಲ್ಲಿ ಸೋಲ್ ಫಿಲೆಟ್ ಅಂತಿದ್ದರೆ ಬರುವುದು ಬಾಸಾ ಇರಬಹುದು. ಪಂಗಾಸಿಯಸ್ ಅನ್ನುವ ಸಿಹಿನೀರಿನ ಮೀನು, ಬೆಕ್ಕುಮೀನಿನ ಜಾತಿ. ಸೋಲ್ ಫಿಲೆಟ್ ತೆಳು ಮತ್ತು ಉದ್ದ, ಎಳೆಗಳು ಸಣ್ಣ, ಬೆಂದ ಮೇಲೆ ಬಿಗಿ. ಬಾಸಾ ಒಂದೇ ದಪ್ಪ ತುಂಡು, ನಡುವೆ ಉದ್ದಕ್ಕೆ ಒಂದು ಗೀರು, ಬೆಂದರೆ ಮೆದು, ನೀರು ಬಿಡುತ್ತದೆ. ಬಾಸಾ ಕೆಟ್ಟ ಮೀನು ಅಂತಲ್ಲ. ಸೋಲ್‌ನ ದುಡ್ಡಿಗೆ ಬಾಸಾ ಬೇಡ ಅಷ್ಟೇ.

ದೊಡ್ಡ ಚಪ್ಪಟೆ ಮೀನನ್ನು ಕೊಯ್ಯುವುದು

ದುಂಡು ಮೀನಿನಿಂದ ಎರಡು ಫಿಲೆಟ್ ಬರುತ್ತದೆ. ಬದಿಗೆ ಮಲಗಿ ಬೆಳೆದ ಈ ಮೀನಿನಿಂದ ನಾಲ್ಕು. ಮೇಲೆ ಎರಡು, ಕೆಳಗೆ ಎರಡು. ಟರ್ಬಟ್, ಹ್ಯಾಲಿಬಟ್, ಆಯಿರಂಪಲ್ಲಿ, ಯಾವುದಕ್ಕೂ ಇದೇ ಕ್ರಮ. ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ, ಇಲ್ಲಿ ಆಗುವುದಿಲ್ಲ. ತೆಳುವಾದ, ಬಗ್ಗುವ ಚೂರಿ ಬೇಕು, ಮತ್ತು ಜಾರದ ಹಲಗೆ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ.

ಕರುಳಿನ ಚೀಲ ತಲೆಯ ಹತ್ತಿರ ಸಣ್ಣ ಜಾಗದಲ್ಲಿ ಇರುತ್ತದೆ. ಕಿವಿರಿನ ಹಿಂದೆ ಒಂದು ಸಣ್ಣ ಸೀಳು ಹಾಕಿ ಬೆರಳಿನಿಂದ ಎಳೆದರೆ ಬಂದುಬಿಡುತ್ತದೆ. ಬಂಗುಡೆಯ ಹಾಗೆ ಹೊಟ್ಟೆ ಉದ್ದಕ್ಕೆ ಸೀಳಬೇಡಿ. ತೊಳೆದು ಚೆನ್ನಾಗಿ ಒರೆಸಿ. ಒದ್ದೆ ಮೀನು ಕೈಯಲ್ಲಿ ನಿಲ್ಲುವುದಿಲ್ಲ.

ಕಪ್ಪು ಬದಿ ಮೇಲಿಡಿ. ಮೈಯ ನಡುವೆ ತಲೆಯಿಂದ ಬಾಲಕ್ಕೆ ಒಂದು ಗೆರೆ ಕಾಣುತ್ತದೆ. ಎದೆಯ ರೆಕ್ಕೆಯ ಹತ್ತಿರ ಆ ಗೆರೆ ಕಮಾನಾಗಿ ಬಾಗಿರುತ್ತದೆ, ಅದನ್ನು ಬಿಟ್ಟು ಚೂರಿಯನ್ನು ನೇರ ನಡುಮೂಳೆಯ ಮೇಲೆ ಒತ್ತಿ ಎಳೆಯಿರಿ. ಮೂಳೆಗೆ ತಗಲಿದ್ದು ಕೈಗೆ ಗೊತ್ತಾಗುತ್ತದೆ. ಈಗ ಚೂರಿಯನ್ನು ಮಲಗಿಸಿ, ಮೂಳೆಯ ಮೇಲೆಯೇ ಜಾರಿಸುತ್ತಾ ಹೊರಗಿನ ಅಂಚಿಗೆ ಹೋಗಿ. ಉದ್ದುದ್ದ ಎಳೆತ ಇರಲಿ, ಗರಗಸದ ಹಾಗೆ ಹಿಂದೆಮುಂದೆ ಬೇಡ. ಸರಿಯಾಗಿ ಹೋಗುತ್ತಿದ್ದರೆ ಟಿಕ್ ಟಿಕ್ ಅಂತ ಮೂಳೆ ಒಂದೊಂದಾಗಿ ಚೂರಿಯ ತುದಿಗೆ ತಾಗುವುದು ಕೇಳುತ್ತದೆ. ಸದ್ದು ನಿಂತರೆ ಚೂರಿ ಮಾಂಸದೊಳಗೆ ಏರಿದೆ ಅಂತ ಅರ್ಥ. ಇನ್ನೊಂದು ಕಡೆಗೂ ಹೀಗೆಯೇ. ತಿರುಗಿಸಿ ಬಿಳಿ ಬದಿಯಲ್ಲೂ ಎರಡು ತೆಗೆಯಿರಿ. ಕಪ್ಪು ಬದಿಯ ಫಿಲೆಟ್ ದಪ್ಪ, ಬಿಳಿ ಬದಿಯದು ತೆಳು. ಒಟ್ಟಿಗೆ ಬೇಯಲು ಹಾಕಿದರೆ ತೆಳುವಾದದ್ದು ಒಣಗುತ್ತದೆ. ತೆಳುವಾದದ್ದನ್ನು ಆಮೇಲೆ ಹಾಕಿ.

ಚರ್ಮ ತೆಗೆಯಲು ಬಾಲದ ಕಡೆಯ ತುದಿಯನ್ನು ಉಪ್ಪು ಮೆತ್ತಿದ ಬೆರಳಿನಿಂದ ಗಟ್ಟಿ ಹಿಡಿಯಿರಿ. ಚೂರಿಯನ್ನು ಚರ್ಮಕ್ಕೆ ಒತ್ತಿ ನಿಲ್ಲಿಸಿ. ಚೂರಿ ಅಲ್ಲಾಡುವುದು ಬೇಡ, ಚರ್ಮವನ್ನೇ ಎಳೆಯುತ್ತಾ ಬನ್ನಿ.

ಅಂಚಿನ ರೆಕ್ಕೆಯ ಬುಡದಲ್ಲಿ ಸಣ್ಣ ಪಟ್ಟಿಯಂಥ ಮಾಂಸ ಉಳಿಯುತ್ತದೆ. ಅದನ್ನು ಬಿಸಾಡಬೇಡಿ. ಜಪಾನಿನವರು ಇದನ್ನು ಎಂಗಾವಾ ಅಂತ ಸುಶಿಗೆ ಪ್ರತ್ಯೇಕ ದುಡ್ಡು ಕೊಟ್ಟು ತಿನ್ನುತ್ತಾರೆ. ಹೋಟೆಲಿನಲ್ಲಿ ನಮಗೆ ಸ್ಟಾಫ್ ಊಟಕ್ಕೆ ಉಳಿಯುತ್ತಿದ್ದದ್ದು ಇದೇ. ಬಾಣಸಿಗರಿಗಿಂತ ಕೊಯ್ಯುವವರು ಚೆನ್ನಾಗಿ ತಿಂದಿದ್ದೇವೆ.

ಇನ್ನು ನಂಗ್

ನಮ್ಮ ನಂಗ್‌ನ ವೈಜ್ಞಾನಿಕ ಹೆಸರು ಸೈನೋಗ್ಲೋಸಸ್ ಮ್ಯಾಕ್ರೋಸ್ಟೋಮಸ್. ಮಲಬಾರ್ ಸೋಲ್ ಅಂತಲೂ ಅನ್ನುತ್ತಾರೆ. ಕಾಸರಗೋಡು ಮಾರ್ಕೆಟಿನಲ್ಲಿ ಮಲಯಾಳದವರು ಮಾಂದಲ್ ಅಂತ ಕೇಳುತ್ತಾರೆ, ಕೊಂಕಣಿಯವರು ಲೇಪೊ ಅನ್ನುತ್ತಾರೆ. ಇದರ ಬಗ್ಗೆ ಮೊದಲು ಗಟ್ಟಿಯಾಗಿ ಕೂತು ಕೆಲಸ ಮಾಡಿದವರು ಶೇಷಪ್ಪ ಮತ್ತು ಭೀಮಾಚಾರ್ ಎಂಬ ವಿಜ್ಞಾನಿಗಳು. ಕಲ್ಲಿಕೋಟೆಯ ಕಡಲಿನ ನಂಗ್ ನೋಡಿ 1955ರಲ್ಲಿ ಬರೆದರು. ಆಗ ಬೇರೆ ಜಾತಿಯ ಹೆಸರಿತ್ತು, ಆಮೇಲೆ ಬದಲಾಯಿತು. ಮೀನು ಅದೇ.

ಇದು ಮಾವಿನೆಲೆಯಷ್ಟು ದೊಡ್ಡ, ಹೆಚ್ಚುಕಮ್ಮಿ ಅಷ್ಟೇ ತೆಳು. ಎದೆಯ ರೆಕ್ಕೆ ಇಲ್ಲ. ಬೆನ್ನಿನ ರೆಕ್ಕೆ, ಬಾಲ, ಹೊಟ್ಟೆಯ ರೆಕ್ಕೆ ಎಲ್ಲ ಒಂದೇ ಅಂಚಾಗಿ ಸೇರಿರುತ್ತವೆ. ಕೆಸರಿನಲ್ಲಿರುವ ಹುಳುಗಳೇ ಇದರ ಊಟ. ಬೇಗ ಬೆಳೆಯುತ್ತದೆ, ಬೇಗ ಮುಗಿಯುತ್ತದೆ. ಹತ್ತಾರು ವರ್ಷ ಬದುಕುವ ಹ್ಯಾಲಿಬಟ್ ಎಲ್ಲಿ, ಇದೆಲ್ಲಿ. ಅಟ್ಲಾಂಟಿಕ್ ಹ್ಯಾಲಿಬಟ್ 300 ಕೆಜಿ ಮೀರಿದ್ದೂ ಉಂಟು, ಹೆಣ್ಣು ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷದ ಆಸುಪಾಸು ಬೇಕು. ಅದಕ್ಕೇ ಅದನ್ನು ಹಿಡಿದು ಹಿಡಿದು ಖಾಲಿ ಮಾಡಿದರು. ನಂಗ್ ಹಾಗೆ ಸುಲಭಕ್ಕೆ ಖಾಲಿಯಾಗುವುದಿಲ್ಲ. ಹಾಗಂತ ಮರಿ ಹಿಡಿದು ಮೀನುಪುಡಿ ಮಾಡುವ ಫ್ಯಾಕ್ಟರಿಗೆ ಹಾಕಿದರೆ ಯಾವ ಮೀನೂ ಉಳಿಯದು. ಕೇರಳದಲ್ಲಿ ನಂಗ್‌ಗೆ 9 ಸೆಂಟಿಮೀಟರ್ ಕನಿಷ್ಠ ಉದ್ದ ಅಂತ ನಿಯಮ ಇದೆ. ನನ್ನ ತೋರುಬೆರಳಿಗಿಂತ ಚೂರು ಉದ್ದ ಇರಬೇಕು ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಸಣ್ಣದು ಬಂದರೆ ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಅದರಲ್ಲಿ ತಿನ್ನಲಿಕ್ಕೂ ಏನಿಲ್ಲ.

ಒಳ್ಳೆಯ ಕಾಲ ಮಳೆ ಮುಗಿಯುವ ಹೊತ್ತು. ಮಳೆಗಾಲದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಏರಿ ಬರುತ್ತದೆ. ಅದು ಇಳಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ನಂಗ್ ಹಿಂಡು ಹಿಂಡಾಗಿ ದಡದ ಹತ್ತಿರದ ಕೆಸರಿಗೆ ಬರುತ್ತದೆ. ಮಳೆಗಾಲದಲ್ಲಿ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ ಟ್ರಾಲಿಂಗ್‌ಗೆ ಕೇರಳದಲ್ಲಿ ನಿಷೇಧ 52 ದಿನ, ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಎರಡೂ ಕಡೆ ಮುಗಿಯುವುದು ಜುಲೈ 31ಕ್ಕೆ. ಅದಾದ ಮೇಲೆ ಮಂಗಳೂರು ಧಕ್ಕೆಯಲ್ಲೂ ಮಂಜೇಶ್ವರದಲ್ಲೂ ರಾಶಿ ಬೀಳುತ್ತದೆ, ರೇಟು ಇಳಿಯುತ್ತದೆ. ಆಗ ತಗೊಳ್ಳಿ.

ತಾಜಾತನಕ್ಕೆ ನಂಗ್‌ನ ಕಣ್ಣು ನೋಡಿ ಪ್ರಯೋಜನ ಇಲ್ಲ. ಸಾಸಿವೆಯಷ್ಟು ಸಣ್ಣದು, ಏನೂ ಗೊತ್ತಾಗುವುದಿಲ್ಲ. ತಿರುಗಿಸಿ ಬಿಳಿ ಬದಿ ನೋಡಿ. ಹೊಳಪಿರಬೇಕು. ಹಳದಿ ಬಂದಿದ್ದರೆ ಬಿಡಿ. ಬಲೆಯಲ್ಲಿ ರಾಶಿಯ ಅಡಿಯಲ್ಲಿ ಸಿಕ್ಕಿ ಜಜ್ಜಿದ್ದರೆ ಕೆಂಪು ಕಲೆ ಇರುತ್ತದೆ, ಅದನ್ನು ಅವತ್ತೇ ಬೇಯಿಸುವುದಿದ್ದರೆ ಪರವಾಗಿಲ್ಲ. ಮೊದಲು ಕೆಡುವುದು ತಲೆಯ ಹಿಂದಿನ ಕರುಳಿನ ಜಾಗ. ಅಲ್ಲಿ ಬೆರಳು ಒತ್ತಿದಾಗ ಮೆತ್ತಗೆ ಒಡೆದರೆ ಮುಂದಿನ ಅಕ್ಕನ ಬುಟ್ಟಿಗೆ ಹೋಗಿ.

ಸಿಪ್ಪೆ ಸುಲಿಯುವುದು ಇದರ ದೊಡ್ಡ ಕೆಲಸ, ಅಲ್ಲಿಗೇ ಜನ ಸೋಲುತ್ತಾರೆ. ಚೆಪ್ಪೆ ಕೆರೆಯಲು ಕೂತರೆ ಅರ್ಧ ಕೆಜಿಗೆ ಅರ್ಧ ದಿನ ಹೋಗುತ್ತದೆ. ಕೆರೆಯಬೇಡಿ. ಒಂದು ತಟ್ಟೆಯಲ್ಲಿ ಒಲೆಯ ಬೂದಿ ಇಟ್ಟುಕೊಳ್ಳಿ, ಬೂದಿ ಇಲ್ಲದಿದ್ದರೆ ಕಲ್ಲುಪ್ಪು. ತಲೆಯನ್ನು ಮೆಟ್ಟುಕತ್ತಿಗೆ ಓರೆಯಾಗಿ ಕೊಟ್ಟು ಕೊಯ್ಯಿರಿ, ಆದರೆ ಪೂರ್ತಿ ತುಂಡು ಮಾಡಬೇಡಿ. ಮೇಲಿನ ಚರ್ಮ ಅಂಟಿಕೊಂಡಿರಲಿ. ಈಗ ಬೂದಿ ಮುಟ್ಟಿದ ಕೈಯಲ್ಲಿ ತಲೆ ಹಿಡಿದು ಬಾಲದ ಕಡೆಗೆ ಎಳೆಯಿರಿ. ತಲೆಯ ಜತೆಗೆ ಕಂದು ಚರ್ಮ ಪೂರ್ತಿ ಬರುತ್ತದೆ, ಕರುಳೂ ಅದರ ಜತೆಗೇ ಬಂದುಬಿಡುತ್ತದೆ. ಚರ್ ಅಂತ ಒಂದೇ ಎಳೆತ. ನಡುವೆ ನಿಂತರೆ ಚರ್ಮ ಹರಿಯುತ್ತದೆ. ಬಿಳಿ ಬದಿಯ ಚರ್ಮ ತೆಳು, ಅದು ಇರಲಿ. ಅಲ್ಲಿನ ಚೆಪ್ಪೆಯನ್ನು ಚೂರಿಯ ಬೆನ್ನಿನಿಂದ ಎರಡು ಸಲ ಕೆರೆದರೆ ಸಾಕು. ಅಂಚಿನ ರೆಕ್ಕೆ ಕತ್ತರಿಯಲ್ಲಿ ಕತ್ತರಿಸಿ. ನನ್ನ ಅಮ್ಮ ಅದನ್ನೂ ಕತ್ತರಿಸುತ್ತಿರಲಿಲ್ಲ, ಹುರಿದರೆ ಕುರುಕುರು ಆಗುತ್ತದೆ ಅನ್ನುತ್ತಿದ್ದರು. ಅದೂ ಸರಿಯೇ.

ನಂಗ್‌ನಿಂದ ಫಿಲೆಟ್ ತೆಗೆಯಲು ಹೋಗಬೇಡಿ. ಇಡೀ ಮೀನೇ ಬೇಯಬೇಕು. ತಿನ್ನುವಾಗ ನಡುಮೂಳೆ ಬಾಚಣಿಗೆಯ ಹಾಗೆ ಒಂದೇ ಸಲಕ್ಕೆ ಬರುತ್ತದೆ, ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು.

ಪುಳಿಮುಂಚಿ ಅನ್ನುವ ಹುಳಿಖಾರದ ಪದಾರ್ಥಕ್ಕೆ, ಅರ್ಧ ಕೆಜಿ ನಂಗ್‌ಗೆ 10-12 ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಸ್ವಲ್ಪ ಒಳ್ಳೆಮೆಣಸು ಹುರಿದು, ಹುಣಸೆಹುಳಿ ಮತ್ತು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆಯಿರಿ. ತೆಂಗಿನಕಾಯಿ ಬೇಡ. ಮಣ್ಣಿನ ಪಾತ್ರೆಯಲ್ಲಿ ತೆಂಗಿನೆಣ್ಣೆ, ಹೆಚ್ಚಿದ ಈರುಳ್ಳಿ, ಶುಂಠಿ. ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಮಸಾಲೆ ದಪ್ಪ ಆದ ಮೇಲೆಯೇ ಮೀನು. 5 ನಿಮಿಷ ಸಾಕು. ಸೌಟು ಹಾಕಬೇಡಿ, ಪಾತ್ರೆ ಹಿಡಿದು ತಿರುಗಿಸಿ. ಕುಚ್ಚಲಕ್ಕಿ ಗಂಜಿಗೆ ಮರುದಿನದ ಪುಳಿಮುಂಚಿಯೇ ಜಾಸ್ತಿ ರುಚಿ.

ರಾಶಿ ಬಿದ್ದ ದಿನ ಉಳಿದದ್ದನ್ನು ಒಣಗಿಸಿ. ನಂಗ್‌ನಲ್ಲಿ ನಿಜವಾದ ಲಾಭ ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ತೆಳು ಮೀನು, ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಭೂತಾಯಿ ಮೀನಿನ ಹಾಗೆ ಎಣ್ಣೆ ಬಿಟ್ಟು ಕಮಟು ಬರುವುದಿಲ್ಲ. ತೊಳೆದು, 5 ಪಾಲು ಮೀನಿಗೆ 1 ಪಾಲು ಉಪ್ಪು ಹಾಕಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಒಮ್ಮೆ ನೀರಿನಲ್ಲಿ ಅದ್ದಿ ತೆಗೆದು ಬಿಸಿಲಿಗೆ ಹಾಕಿ. ಮರಳಿನ ಮೇಲೆ ಹಾಕಬೇಡಿ. ಹಲ್ಲಿಗೆ ಮರಳು ಸಿಕ್ಕ ಗಿರಾಕಿ ಮತ್ತೆ ಬರುವುದಿಲ್ಲ. ನಾಲ್ಕು ಕಂಬ ನೆಟ್ಟು ಸೊಂಟದೆತ್ತರಕ್ಕೆ ಹಳೇ ಬಲೆ ಕಟ್ಟಿ ಅದರ ಮೇಲೆ ಹರಡಿ, ಅಡಿಯಿಂದಲೂ ಗಾಳಿ ಆಡುತ್ತದೆ. ಒಳ್ಳೆಯ ಬಿಸಿಲಿದ್ದರೆ ಎರಡು ಮೂರು ದಿನ. ಸಂಜೆ ತೆಗೆದು ಒಳಗಿಡಿ, ಇಬ್ಬನಿ ತಾಗಬಾರದು. ಬಗ್ಗಿಸಿದರೆ ಟಪ್ ಅಂತ ಮುರಿಯಬೇಕು. ರಬ್ಬರಿನ ಹಾಗೆ ಬಗ್ಗಿದರೆ ಇನ್ನೊಂದು ದಿನ.

ಒಣಗಿದ ನಂಗ್ ಅನ್ನು ಗಾತ್ರ ನೋಡಿ ಬೇರೆ ಮಾಡಿ. ದೊಡ್ಡದು, ಸಣ್ಣದು ಕಲೆಸಿ ಮಾರಿದರೆ ಸಣ್ಣದರ ರೇಟೇ ಸಿಗುತ್ತದೆ. ಬಿಗಿ ಡಬ್ಬಿಯಲ್ಲಿಟ್ಟರೆ ಮೇ ಜೂನ್ ವರೆಗೆ ಇರುತ್ತದೆ. ಬೋಟುಗಳು ದಡ ಹತ್ತಿ, ಹಸಿ ಮೀನಿನ ಬೆಲೆ ಏರಿ, ಮಳೆ ಹಿಡಿದು ಕೂತಾಗ ಅದಕ್ಕೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ. ಆಗ ಮಾರಿ, ಅಕ್ಟೋಬರ್‌ನಲ್ಲಿ ಅಲ್ಲ.